ಬೀಗರಾಗುವವರ ಜೊತೆ ಬೆಟ್ಟಕ್ಕೆ

ನವೆಂಬರ್ 3, ಸೋಮವಾರ

ಆರನೇ ಕ್ಲಾಸಿನಲ್ಲಿ ಸ್ಕೂಲಿಗೆ ಕೈಮುಗಿದ ಮೇಲೆ ನಾನು ಒಂದು ಪುಟ ತುಂಬ ಬರೆಯುತ್ತಿರುವುದು ಇವತ್ತೇ. ಅಂಗಡಿಯಲ್ಲಿ ಬರೆಯುವುದೆಂದರೆ ಸೋಫಾದ ಉದ್ದ, ಅಗಲ, ರೆಕ್ಸಿನ್ ಎಷ್ಟು ಮೀಟರ್, ಅಷ್ಟೇ. ಈ ನೋಟ್‌ಬುಕ್ಕನ್ನು ಮಗಳು ಕೊಟ್ಟಾಗ ಪ್ರೀತಿಯ ಕಾಣಿಕೆ ಅಂದುಕೊಂಡೆ. ಅಲ್ಲ, ಶಿಕ್ಷೆ.

"ಅಪ್ಪಾ, ಏಳು ದಿನ ನೀನು ಅವರ ಜೊತೆ ಇರ್ತೀಯ. ಒಂದೇ ಒಂದು ಜೋಕ್ ಕೂಡ ಮಾಡಬಾರದು. ಬಾಯಿಗೆ ಬಂದ್ರೆ ನುಂಗು. ನುಂಗೋಕಾಗಲ್ಲ ಅನ್ಸಿದ್ರೆ ಇದರಲ್ಲಿ ಬರಿ."

"ಬರೀವಾಗ ನಂಗೇ ನಗು ಬಂದ್ರೆ?"

"ನೋಡಮ್ಮಾ, ಶುರು ಮಾಡ್ದ!"

ಅವಳಮ್ಮ ಒಳಗಿನಿಂದಲೇ, "ರೀ, ಹೋದ ವರ್ಷದ್ದು ಮರೆತ್ರಾ?" ಅಂದಳು. ಮರೆಯೋದುಂಟೇ. ಹೋದ ವರ್ಷ ಮಗಳನ್ನು ನೋಡಲು ಬಂದಿದ್ದ ಹುಡುಗನ ಚಿಕ್ಕಪ್ಪ ನಮ್ಮ ಕುರ್ಚಿಯಲ್ಲಿ ಕೂತರು. ಆಸಾಮಿ ಎರಡು ಆಳಿನ ಗಾತ್ರ. ಕುರ್ಚಿ ಕಿರ್ ಅಂದಿತು. ನಾನು, "ಧೈರ್ಯವಾಗಿ ಕೂತ್ಕೊಳ್ಳಿ ಸಾರ್, ಮುರಿದ್ರೂ ಚಿಂತೆ ಇಲ್ಲ, ರಿಪೇರಿಯವನು ಮನೇಲೇ ಇದ್ದಾನೆ" ಅಂದೆ. ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಕುರ್ಚಿಗೆ ಏನೂ ಆಗಲಿಲ್ಲ.

ಈ ಸಲದ ಹುಡುಗ ಮಗಳು ತಾನೇ ಆರಿಸಿಕೊಂಡವನು. ಇಬ್ಬರೂ ಒಂದೇ ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಸೂಜಿ ಹಿಡಿಯುವವರು. ನಮಗೆಲ್ಲ ಒಪ್ಪಿಗೆ. ಬಾಕಿ ಇರುವುದು ಹುಡುಗನ ಅಪ್ಪನದು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಕಲ್ಲು ಪರೀಕ್ಷೆ ಮಾಡುವ ಇಲಾಖೆಯಲ್ಲಿದ್ದು ರಿಟೈರ್ ಆದವರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಬೆಟ್ಟಕ್ಕೆ ನಡ್ಕೊಂಡು ಹೋಗ್ತಿದ್ದೀನಿ, ಬಂದ ಮೇಲೆ ಮಾತಾಡೋಣ" ಅಂದರಂತೆ. ಹೆಂಡತಿ ತೀರಿಕೊಂಡು ಎರಡು ವರ್ಷ, ಒಬ್ಬರೇ ಅಷ್ಟು ದೂರ ಹೇಗೆ ಅಂತ ಹುಡುಗನಿಗೆ ಯೋಚನೆ. "ಅಂಕಲ್, ನೀವೂ ಹೋಗ್ತೀರಾ?" ಅಂದ. ನಮ್ಮಿಬ್ಬರಿಗೂ ಒಂದೇ ಥರದ ಕರಿ ಶೂ ತಂದುಕೊಟ್ಟ. ಅವರದು ಎಂಟು, ನನ್ನದು ಒಂಬತ್ತು.

ಹೊರಡುವುದು ನಾಳೆ ಬೆಳಗ್ಗೆ. ಏಳು ದಿನದ ದಾರಿ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಟಾರ್ಚು, ನನ್ನ ದಬ್ಬಳ, ದಾರ. ಯಾತ್ರೆಗೆ ದಬ್ಬಳ ಯಾಕೆ ಅಂತ ಹೆಂಡತಿ ಕೇಳಿದಳು. ಬಾಯಿ ಹೊಲಿದುಕೊಳ್ಳೋಕೆ ಅಂದೆ.

ನವೆಂಬರ್ 4, ಮಂಗಳವಾರ

ಇನ್ನು ಮೇಲೆ ಅವರನ್ನು ಇಲ್ಲಿ ತೂಕದವರು ಅಂತ ಬರೆಯುತ್ತೇನೆ. ಎದುರಿಗೆ ಸಾರ್.

ದಾರಿ ತಪ್ಪುವ ಭಯವಿಲ್ಲ. ಕಲ್ಲು, ಮರ, ಗೋಡೆ, ಎಲ್ಲದರ ಮೇಲೂ ಯಾತ್ರಿಕರಿಗಾಗಿ ಬಿಳಿ ಗೆರೆ ಬಳಿದಿದ್ದಾರೆ. ತೂಕದವರು ಮುಂದೆ, ನಾನು ಹಿಂದೆ. ಗಂಟೆಗೊಮ್ಮೆ ನಿಲ್ಲಬೇಕು, ಆರು ಗುಟುಕು ನೀರು ಕುಡಿಯಬೇಕು. ಏಳನೇ ಗುಟುಕು ಕುಡಿದೆ, ನೋಡಿದರು. ಬಾಟಲಿ ಮುಚ್ಚಿಟ್ಟೆ.

ಹೆಜ್ಜೆ ಎಣಿಸುತ್ತಾ ನಡೆಯುತ್ತಾರೆ. ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತು, "ಈ ಕಲ್ಲು ನಲವತ್ತು ಮೀಟರ್ ಹಿಂದಿದೆ" ಅಂದರು.

ನುಂಗಿದ್ದು: ಅದಕ್ಕೂ ವಯಸ್ಸಾಯ್ತಲ್ಲ ಸಾರ್, ಪಾಪ, ನಡೆಯೋಕಾಗದೆ ಹಿಂದೆ ಉಳಿದುಬಿಟ್ಟಿದೆ.

ಹೇಳಿದ್ದು: ಹೌದು ಸಾರ್.

ನುಂಗಿದ್ದು ಎರಡು: ಇವರು ನಕ್ಕರೆ ಹಲ್ಲಿನ ಮೇಲೆ ಇಲಾಖೆಯ ಸೀಲ್ ಕಾಣಿಸಬಹುದು, ಅದಕ್ಕೇ ನಗುವುದಿಲ್ಲವೇನೋ.

ಒಟ್ಟು ಇಪ್ಪತ್ತೆರಡು ಕಿಲೋಮೀಟರ್ ನಡೆದೆವು. ಹೌದು ಸಾರ್ ಅಂದದ್ದು ಹದಿನೆಂಟು ಸಲ, ಇಲ್ಲ ಸಾರ್ ಐದು ಸಲ. ಇವರ ಸಹವಾಸದಲ್ಲಿ ನಾನೂ ಎಣಿಸಲು ಕಲಿತೆ. ಮದುವೆಯ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನವೆಂಬರ್ 5, ಬುಧವಾರ

ಕಾಲು. ಕಾಲು. ಅಯ್ಯೋ ಕಾಲು.

ಮಗಳು ಫೋನ್ ಮಾಡಿದಳು. "ಏನಂದ್ರಪ್ಪಾ?" ನೀರು ಕುಡೀರಿ ಅಂದ್ರು ಅಂದೆ. "ನೀನೇನಾದ್ರೂ..." ಇಲ್ಲ ತಾಯೀ, ನಿನ್ನಾಣೆ, ಹೊಟ್ಟೆಯಲ್ಲಿ ಒಂದು ಡಜನ್ ಕೂಡಿಬಿದ್ದಿದೆ, ಗ್ಯಾಸ್ ಆಗಿದೆ ಅಂದೆ.

ತೂಕದವರು ಇವತ್ತು ಎರಡು ಸಲ ನನ್ನ ಮುಖ ನೋಡಿದರು. ಏನನ್ನೋ ಕಾಯುವವರ ಥರ. ನಾನು ಇನ್ನಷ್ಟು ಗಂಭೀರವಾದೆ. ಶವ ಕೂಡ ನನ್ನನ್ನು ನೋಡಿ ಕಲಿಯಬೇಕು, ಹಾಗೆ.

ನವೆಂಬರ್ 7, ಶುಕ್ರವಾರ

ಕೆಲಸ ಕೆಟ್ಟಿತು. ಮೊದಲಿಂದ ಬರೆಯುತ್ತೇನೆ.

ಮೂರು ಗಂಟೆಗೆ ಈ ಛತ್ರ ಸೇರಿದೆವು. ಹಳೇ ಸ್ಕೂಲು ಕಟ್ಟಡ, ಒಂದು ಉದ್ದನೆಯ ಹಾಲ್, ಇಪ್ಪತ್ತನಾಲ್ಕು ಮಂಚ, ಹಿಂದೆ ಅಡುಗೆಮನೆ. ನಡೆಸುವವರೆಲ್ಲ ಸಂಬಳವಿಲ್ಲದವರು, ತಮ್ಮ ತಮ್ಮ ಕೆಲಸಕ್ಕೆ ರಜೆ ಹಾಕಿ ಬಂದು ಸೇವೆ ಮಾಡುವವರು. ಯಜಮಾನಿಕೆ ಒಬ್ಬ ರಿಟೈರ್ಡ್ ನರ್ಸಮ್ಮನದು, ಎಲ್ಲರೂ ಸಿಸ್ಟರಮ್ಮ ಅನ್ನುತ್ತಾರೆ. ಅಡುಗೆಗೆ ಒಬ್ಬ ಬಸ್ ಡ್ರೈವರ್. ಬಾಗಿಲ ಮೇಲೆ ಬೋರ್ಡು: ಆರೋಗ್ಯವಂತರಿಗೆ ಒಂದೇ ರಾತ್ರಿ. ಶೂಗಳೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ.

ನಾನು ಹೆಸರು ಹೇಳಲು ಹೋದೆ. "ಹೆಸರು ಆಮೇಲೆ, ಮೊದ್ಲು ಪಾದ ತೋರಿಸಿ" ಅಂದರು ಸಿಸ್ಟರಮ್ಮ. ತೋರಿಸಿದೆ. "ತೊಳೀರಿ, ಆಮೇಲೆ ತೋರಿಸಿ" ಅಂದರು.

ನನ್ನ ಪಾಲಿಗೆ ಬಂದ ಹಾಸಿಗೆಯ ಮೇಲೆ ಮಲಗಿದೆ. ಆಹಾ. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಹಾಸಿಗೆ ಕಂಡಿಲ್ಲ. ಹತ್ತಿಯೆಲ್ಲ ಗಂಟು ಕಟ್ಟಿ ಮೂಲೆ ಸೇರಿದೆ. ಬೆನ್ನಿಗೆ ಒಂದು ಗಂಟು, ಪಕ್ಕೆಗೆ ಒಂದು. ಎದ್ದು ಪಕ್ಕದ ಹಾಸಿಗೆ ಮುಟ್ಟಿ ನೋಡಿದೆ, ಅದರ ಪಕ್ಕದ್ದೂ ನೋಡಿದೆ. ಹನ್ನೆರಡು ಪರವಾಗಿಲ್ಲ, ಹನ್ನೆರಡು ಕೆಟ್ಟು ಕೆರ ಹಿಡಿದಿವೆ. ಕೈ ಸುಮ್ಮನಿರಲಿಲ್ಲ. ದಬ್ಬಳ ತೆಗೆದು ನನ್ನದರ ಹೊಲಿಗೆ ಬಿಚ್ಚಿದೆ.

"ಏನ್ರೀ ಅದು, ನನ್ನ ಹಾಸಿಗೇನ ಆಪರೇಷನ್ ಮಾಡ್ತಿದ್ದೀರಿ?" ಸಿಸ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಗೆಡ್ಡೆ ತೆಗೀತಿದ್ದೀನಿ ಸಿಸ್ಟರಮ್ಮ. ಸಂಬಂಧಿಕರನ್ನ ಹೊರಗೆ ಕೂರಿಸಿ."

ಅಷ್ಟೇ, ನಾಲ್ಕು ದಿನ ಕಟ್ಟಿಟ್ಟ ಒಡ್ಡು ಒಡೆಯಿತು. ತೂಕದವರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು, ಧೈರ್ಯ ಬಂತು. ಡ್ರೈವರ್ ಸೌಟು ಹಿಡಿದುಕೊಂಡೇ ಬಂದ. ಮಲಗಿದ್ದ ಯಾತ್ರಿಕರೆಲ್ಲ ಎದ್ದು ಕೂತು ಸುತ್ತ ನೆರೆದರು, ಹತ್ತಿ ಹಿಂಜಲು ಕೈ ಕೊಟ್ಟರು.

"ಮಧ್ಯದಲ್ಲಿ ಕಣಿವೆ, ಎರಡು ಕಡೆ ಗುಡ್ಡ. ಇದರ ಮೇಲೊಂದು ಬಿಳಿ ಗೆರೆ ಬಳಿದ್ಬಿಡಿ ಸಿಸ್ಟರಮ್ಮ, ಜನ ಇಲ್ಲೇ ಯಾತ್ರೆ ಮುಗಿಸಿ ಮನೆಗೆ ಹೋಗ್ತಾರೆ."

"ನಮ್ಮ ಬಸ್ಸಿನ ಸೀಟೇ ವಾಸಿ" ಅಂದ ಡ್ರೈವರ್.

"ಖಂಡಿತ ವಾಸಿ. ಅದರಲ್ಲಿ ಕೂತ್ರೆ ಎಲ್ಲಿ ಇಳೀಬೇಕು ಅಂತಾದ್ರೂ ಗೊತ್ತಿರತ್ತೆ. ಇದರಲ್ಲಿ ಇಳಿದೋರು ಮೇಲೆ ಬರೋದೇ ಕಷ್ಟ."

ಹಾಲ್ ಹಾರಿಹೋಗುವ ಹಾಗೆ ನಕ್ಕರು. ಒಬ್ಬಜ್ಜಿಗೆ ಕೆಮ್ಮು ಬಂದು ನೀರು ಕುಡಿಸಬೇಕಾಯಿತು. ನಾನು ಆಗಸದಲ್ಲಿದ್ದೆ. ಆಗ ಬಾಗಿಲ ಕಡೆ ತಿರುಗಿದೆ.

ತೂಕದವರು. ಹೆಗಲ ಮೇಲೆ ಒದ್ದೆ ಟವೆಲ್. ಯಾವಾಗಿಂದ ನಿಂತಿದ್ದರೋ.

ನನ್ನ ಬಾಯಿ ಹೊಲಿಗೆ ಬಿದ್ದ ಹಾಗೆ ಮುಚ್ಚಿಕೊಂಡಿತು. ಅವರು ಅದನ್ನೂ ನೋಡಿದರು. ಹೋಗಿ ಟವೆಲ್ ಒಣಗಹಾಕಿದರು. ಊಟಕ್ಕೆ ಬೇರೆ ಸಾಲಿನಲ್ಲಿ ಕೂತರು.

ಮಗಳಿಗೆ ಯಾವ ಮುಖ ತೋರಿಸಲಿ. ಎರಡನೇ ಸಂಬಂಧವನ್ನೂ ಅಪ್ಪನ ಬಾಯೇ ತಿಂದಿತು.

ನವೆಂಬರ್ 8, ಶನಿವಾರ

ಇವತ್ತಿನದು ಉದ್ದ. ಕೈ ನೋಯಲಿ.

ಬೆಳಗ್ಗೆ ಐದೂವರೆಗೆ ಎದ್ದಾಗ ಅವರ ಮಂಚ ಖಾಲಿ. ಹೊದಿಕೆ ಅಳತೆಪಟ್ಟಿ ಇಟ್ಟು ಮಡಿಸಿದ ಹಾಗೆ ಮಡಿಸಿದೆ. ಸಿಸ್ಟರಮ್ಮ, "ಅವರು ಐದಕ್ಕೇ ಹೊರಟ್ರು. ನಿಮಗೆ ನಿಧಾನವಾಗಿ ಬರೋಕೆ ಹೇಳಿ ಅಂದ್ರು" ಅಂದರು. ಹತ್ತಿ ಬಿಚ್ಚಿದ ಹಾಸಿಗೆ ಹಾಗೇ ಬಿಟ್ಟು, ಬ್ಯಾಗು ಹೆಗಲಿಗೇರಿಸಿ ಹೊರಗೆ ಓಡಿದೆ. ಶೂಗೆ ಕಾಲು ಹಾಕಿದೆ, ಹೋಗಲೊಲ್ಲದು. ರಾತ್ರಿ ನನ್ನ ಕಾಲು ಬೆಳೆಯಿತೇ ಅಂತ ನೋಡಿದೆ. ಒಳಗೆ ಎಂಟು ಅಂತ ಬರೆದಿದೆ.

ಕತ್ತಲಲ್ಲಿ ನನ್ನ ಒಂಬತ್ತನ್ನು ಅವರು ಹಾಕಿಕೊಂಡು ಹೋಗಿದ್ದಾರೆ! ಊರಿನ ತಕ್ಕಡಿಯನ್ನೆಲ್ಲ ಅಲುಗಾಡಿಸಿ ನೋಡಿದ ಮನುಷ್ಯ!

ಹಿಂಭಾಗ ಮೆಟ್ಟಿಕೊಂಡು, ಚಪ್ಪಲಿ ಥರ ಎಳೆದುಕೊಂಡು, ಟಪ್ ಟಪ್ ಅಂತ ಓಡಿದೆ. ಎದುರು ಬಂದ ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಒಂದು ಗಂಟೆ ಓಡಿ, ನಡೆದು, ಕುಂಟಿ, ಒಂದು ತಿರುವಿನಲ್ಲಿ ಕಂಡರು. ಕಿಲೋಮೀಟರ್ ಕಲ್ಲಿನ ಮೇಲೆ ಕೂತಿದ್ದಾರೆ, ಶೂ ಬಿಚ್ಚಿದ್ದಾರೆ, ಎರಡು ಹಿಮ್ಮಡಿಯಲ್ಲೂ ಬೊಬ್ಬೆ ಒಡೆದಿದೆ. ನನ್ನ ಕಾಲ್ಬೆರಳುಗಳೂ ಒಳಗೆ ನುಜ್ಜುಗುಜ್ಜು. ಅವರ ಪಕ್ಕ ನೆಲದಲ್ಲಿ ಕುಸಿದೆ.

"ನಿಮ್ಮದು ಸಡಿಲ" ಅಂದರು.

"ನಿಮ್ಮದು ಬಿಗಿ ಸಾರ್."

ಒಡೆದ ಬೊಬ್ಬೆಗೆ ಬಾಟಲಿಯ ನೀರು ಹನಿಸಿಕೊಂಡರು. ಆಮೇಲೆ ಅವರೇ, "ಮೂವತ್ತೊಂದು ವರ್ಷ ಬೇರೆಯವರ ತಕ್ಕಡಿಯಲ್ಲಿ ತಪ್ಪು ಹುಡುಕಿದೆ. ಇವತ್ತು ನನ್ನ ಕಾಲು ನನಗೇ ಗೊತ್ತಾಗಲಿಲ್ಲ" ಅಂದರು.

ಬಂದೇಬಿಟ್ಟಿತ್ತು ನಾಲಿಗೆ ತುದಿಗೆ. ಕಚ್ಚಿಕೊಂಡೆ.

"ನೋಡಿ! ಈಗ ಏನೋ ನುಂಗಿದ್ರಿ."

"ಇಲ್ಲ ಸಾರ್."

"ನುಂಗಿದ್ರಿ ಕಣ್ರೀ. ನಿನ್ನೆ ಅವರೆಲ್ಲರ ಹತ್ರ ನುಂಗಲಿಲ್ಲ." ಅವರ ದನಿ ಎತ್ತರವಾಯಿತು. "ನಿಮ್ಮ ಮಗಳು ಲ್ಯಾಬಲ್ಲಿ ದಿನಾ ನಿಮ್ಮ ಕಥೆ ಹೇಳ್ತಾಳಂತೆ. ಅಪ್ಪ ಹಿಂಗಂದ, ಅಪ್ಪ ಹಂಗಂದ ಅಂತ. ನನ್ನ ಮಗ ಅದನ್ನ ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳ್ತಾನೆ. ಅವರಮ್ಮ ಹೋದ ಮೇಲೆ ನಮ್ಮನೆ ಊಟದ ಮೇಜಲ್ಲಿ ಬೇರೆ ಮಾತೇ ಇಲ್ಲ. ಆ ಮನುಷ್ಯ ಜೊತೆಗೆ ಬರ್ತಾನೆ ಅಂದಾಗ ನಾನು... ಸರಿ ಬಿಡಿ. ನಾಲ್ಕು ದಿನ ಕಾದೆ. ಹೌದು ಸಾರ್, ಇಲ್ಲ ಸಾರ್. ಇವರಿಗೆ ಈ ಸಂಬಂಧ ಇಷ್ಟವಿಲ್ಲ, ಮಗಳ ಬಲವಂತಕ್ಕೆ ಬಂದಿದ್ದಾರೆ ಅನ್ಕೊಂಡೆ. ಹೆಣ್ಣಿನ ತಂದೆಗೆ ಮನಸ್ಸಿಲ್ಲದೆ ನಾನು ಹೇಗೆ ಹೂಂ ಅನ್ನಲಿ? ನಿನ್ನೆ ಬಾಗಿಲಲ್ಲಿ ನಿಂತು ಕೇಳಿದೆ. ನನ್ನ ಮುಖ ಕಂಡ ತಕ್ಷಣ ನಿಲ್ಲಿಸಿದ್ರಿ. ಆಗ ಖಾತ್ರಿ ಆಯ್ತು."

ಹೇಗೆ ಹೇಳುವುದು, ಎಲ್ಲಿಂದ ಹೇಳುವುದು. ಬ್ಯಾಗಿಗೆ ಕೈಹಾಕಿ ಈ ನೋಟ್‌ಬುಕ್ಕನ್ನೇ ತೆಗೆದು ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು ಇದರಲ್ಲಿ ಅವರ ಬಗ್ಗೆಯೂ ಇದೆ ಅಂತ. ತಡವಾಗಿತ್ತು. ಕನ್ನಡಕ ಹಾಕಿಕೊಂಡಿದ್ದರು.

ಮೊದಲ ಪುಟದಿಂದ ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎರಡನೇ ದಿನದ ಪುಟಕ್ಕೆ ಬಂದಾಗ ಜೇಬಿನಿಂದ ಪೆನ್ನು ತೆಗೆದರು. ಇಪ್ಪತ್ತೆರಡು ಕಿಲೋಮೀಟರ್ ಅನ್ನುವುದನ್ನು ಹೊಡೆದು ಇಪ್ಪತ್ತಮೂರು ಅಂತ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು. ಸೀಲಿನ ಮಾತಿನ ಹತ್ತಿರ ನಿಂತರು. ನಾನು ಆಕಾಶ ನೋಡಿದೆ. ಮತ್ತೆ ಹಿಂದಕ್ಕೆ ಹೋದರು, ಕಿಲೋಮೀಟರ್ ಕಲ್ಲಿನ ಸಾಲಿಗೆ. ಅದನ್ನು ಓದಿ, ತಾವು ಕೂತಿದ್ದ ಕಲ್ಲನ್ನು ಬಗ್ಗಿ ನೋಡಿದರು.

ಭುಜ ಅಲುಗಾಡಲು ಶುರುವಾಯಿತು. ಮೊದಲು ಸದ್ದೇ ಇಲ್ಲ. ಅಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ತುಕ್ಕು ಹಿಡಿದ ಸ್ಪ್ರಿಂಗ್ ಕಿತ್ತು ಬಂದ ಹಾಗೆ ಒಂದು ಸದ್ದು, ಅದರ ಹಿಂದೆ ಇನ್ನೊಂದು. ಕಲ್ಲಿನಿಂದ ಜಾರಿ ನನ್ನ ಪಕ್ಕ ಬಿದ್ದರು. ಬಿದ್ದು ನಕ್ಕರು.

"ಮಗಳು ಬಾಯಿ ಮುಚ್ಚಿಸಿದಳಾ?"

"ಹೌದು ಸಾರ್."

"ನಾನು ಗಂಭೀರ ಮನುಷ್ಯ ಅಂತ?"

"ಗಂಭೀರ ಅನ್ನಲಿಲ್ಲ ಸಾರ್. ಬೇರೆ ಏನೋ ಅಂದಳು. ಅದನ್ನ ಬರೆದಿಲ್ಲ."

ಮತ್ತೆ ಶುರು. ಕಣ್ಣು ಒರೆಸಿಕೊಂಡು ಪುಟದ ಕೊನೆಯಲ್ಲಿ "ಪರಿಶೀಲಿಸಲಾಗಿದೆ" ಅಂತ ಬರೆದು ತಾರೀಖು ಹಾಕಿ ವಾಪಸು ಕೊಟ್ಟರು. ಇನ್ನು ಮುಂದೆ ಅವರು ಕೇಳದೆ ಓದಬಾರದು, ನಾನೂ ಜೋಕನ್ನು ಅವರಿಗೆ ಹೇಳದೆ ಬರೆಯಬಾರದು ಅಂತ ಒಪ್ಪಂದವಾಯಿತು.

ಶೂ ಬದಲಾಯಿಸಿಕೊಂಡೆವು. ಆದರೆ ಮುಂದೆ ನಡೆಯಲು ನಾಲ್ಕು ಕಾಲಿನಲ್ಲಿ ಒಂದೂ ಸರಿಯಿಲ್ಲ. ಹಾಲಿನ ಗಾಡಿ ಹತ್ತಿ ಛತ್ರಕ್ಕೇ ವಾಪಸು ಬಂದೆವು. ಸಿಸ್ಟರಮ್ಮ ಪಾದ ನೋಡಿದರು, ಬಾಗಿಲ ಮೇಲಿನ ಬೋರ್ಡು ನೋಡಿದರು. "ನೀವು ಆರೋಗ್ಯವಂತರಲ್ಲ, ಬನ್ನಿ. ಆದ್ರೆ ಕೈ ಚೆನ್ನಾಗಿದೆಯಲ್ಲ? ಹನ್ನೆರಡು ಹಾಸಿಗೆ ಬಾಕಿ ಇದೆ" ಅಂದರು.

ನವೆಂಬರ್ 9, ಭಾನುವಾರ

ಮೂರು ಹಾಸಿಗೆ ಆಯಿತು. ಮೂಗಿನ ತುಂಬ ಹತ್ತಿ.

ತೂಕದವರಿಗೆ ಊಟ ಬಡಿಸುವ ಕೆಲಸ. ಅನ್ನದ ಸೌಟನ್ನು ಹೇಗೆ ಹಿಡಿಯುತ್ತಾರೆ ಅಂದರೆ, ಎಲ್ಲ ತಟ್ಟೆಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೊನ್ನೆ ಕೆಮ್ಮಿದ ಅಜ್ಜಿಯೂ ಕಾಲು ಊದಿ ಇಲ್ಲೇ ಉಳಿದಿದ್ದಾರೆ. ಇನ್ನೊಂದು ಸೌಟು ಕೇಳಿದರು. "ನಿಮ್ಮ ಪಾಲು ಆಯ್ತಲ್ಲಮ್ಮ" ಅಂದರು ಇವರು.

"ಅಜ್ಜೀ, ಸಾಲಿನ ಕೊನೆಗೆ ಹೋಗಿ ಮತ್ತೆ ಬನ್ನಿ" ಅಂದೆ. "ಇವರಿಗೆ ಮುಖ ನೆನಪಿರಲ್ಲ, ತೂಕ ಮಾತ್ರ."

ಕಿರ್ರ್ ಅಂತ ಆ ಸ್ಪ್ರಿಂಗ್ ನಗು. ಎರಡು ಸೌಟು ಹಾಕಿದರು. ಸಾಲಿನಲ್ಲಿದ್ದವರೆಲ್ಲ ಎರಡು ಸೌಟು ಕೇಳಿದರು. ಕೊನೆಗೆ ಡ್ರೈವರಿಗೂ ನಮಗೂ ಬ್ರೆಡ್ಡು.

ನವೆಂಬರ್ 11, ಮಂಗಳವಾರ

ಹತ್ತು ಮುಗಿಯಿತು, ಎರಡು ಉಳಿದಿವೆ. ನಿನ್ನೆ ಬರೆಯಲು ಪುರಸೊತ್ತಾಗಲಿಲ್ಲ.

ಬೆಳಗ್ಗೆ ಟೀ ಕುಡಿಯುವಾಗ ತೂಕದವರು ಇದ್ದಕ್ಕಿದ್ದಂತೆ, "ರಾತ್ರಿ ಡ್ರೈವರ್ ಗೊರಕೆ ಏರಿನಲ್ಲಿ ಎರಡನೇ ಗೇರಿಗೆ ಬಂತು" ಅಂದರು. ಅಂದು ನಮ್ಮ ಮುಖ ನೋಡಿದರು, ಪರೀಕ್ಷೆ ಬರೆದು ಮಾರ್ಕ್ಸ್ ಕಾಯುವ ಮಕ್ಕಳ ಹಾಗೆ. ಜೋಕು ಸುಮಾರಾಗಿದೆ. ಆದರೂ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಡ್ರೈವರ್, "ನೋಡಿ ಸಾರ್, ಹಾಸಿಗೆಯಣ್ಣನ ಒಂದು ಜೋಕಿಗೂ ನಗಲಿಲ್ಲ ನಾನು, ನಿಮ್ಮದಕ್ಕೆ ನಕ್ಕೆ" ಅಂದ. ಸುಳ್ಳ. ನನ್ನದಕ್ಕೂ ನಕ್ಕಿದ್ದ.

ಮಧ್ಯಾಹ್ನ ಅವರು ಹಾಸಿಗೆಯ ಆ ಕಡೆ ಹಿಡಿದುಕೊಂಡರು, ನಾನು ಈ ಕಡೆ ಹೊಲಿಯುತ್ತಿದ್ದೆ. ದಬ್ಬಳ ಆಚೆ ಬಂದರೆ ಎಳೆದು ವಾಪಸು ಚುಚ್ಚಬೇಕು, ಅಷ್ಟು ಕಲಿಸಿದ್ದೇನೆ. ಹೊಲಿಗೆಗಳ ನಡುವೆ ಅಂತರ ನನಗಿಂತ ಚೆನ್ನಾಗಿ ಇಡುತ್ತಾರೆ. ಹಾಗೇ ಹೊಲಿಯುತ್ತಾ ಅವರೇ ಶುರು ಮಾಡಿದರು.

"ಈ ದಾರಿ ನಡೀಬೇಕು ಅಂತ ಅವಳಿಗೆ ತುಂಬ ಆಸೆ ಇತ್ತು. ಪ್ರತಿ ವರ್ಷ ಕೇಳೋಳು. ರಜೆ ಸಿಗಲ್ಲ, ಮುಂದಿನ ವರ್ಷ ಅನ್ನೋದು ನಾನು. ರಜೆ ಸಿಗ್ತಿತ್ತು. ನಾನು ಕೇಳ್ತಿರಲಿಲ್ಲ, ಅಷ್ಟೇ."

ದಬ್ಬಳ ಈ ಕಡೆ ಬಂತು.

"ಮನೆ ತುಂಬ ನಗೋಳು ಅವಳು. ನನ್ನನ್ನ ನೋಡಿ ನಗೋಳು, ಮಗನನ್ನ ನೋಡಿ ನಗೋಳು. ಹಾಲು ಉಕ್ಕಿದ್ರೆ ನಗು. ನಾನು ನಗ್ತಿರಲಿಲ್ಲ. ನನ್ನ ಪಾಲಿನದನ್ನೂ ಅವಳೇ ನಗ್ತಾಳಲ್ಲ ಅಂತ ಬಿಟ್ಟಿದ್ದೆ. ಹೋದ ಮೇಲೆ ಬರೋರೆಲ್ಲ ನನ್ನ ಮುಂದೆ ಪಿಸುಮಾತು. ಎರಡು ವರ್ಷ ಪಿಸುಮಾತು."

ನಾನು ದಾರಕ್ಕೆ ಮೇಣ ಸವರಿದೆ. ಯಾಕೋ ಜೋಕು ಬರಲಿಲ್ಲ. ನುಂಗಿದ್ದೂ ಅಲ್ಲ, ಬರಲೇ ಇಲ್ಲ. ಅವರು ಮಾತಾಡುತ್ತಾ ಹೋದರು. ಅವಳ ಹಾಲು ಉಕ್ಕಿಸುವ ಕಥೆ, ಅವಳು ಛತ್ರಿ ಮರೆತು ಬಂದ ಏಳು ಜಾಗಗಳು, ಎಲ್ಲ ಹೇಳಿದರು. ಹಾಸಿಗೆ ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಮೂಲೆಯಲ್ಲಿ ಎರಡೆರಡು ಸಲ ಹೊಲಿದಿದ್ದೇವೆ.

ಸಂಜೆ ಮಗಳ ಫೋನು. "ಅಪ್ಪಾ, ಎಂಟು ದಿನ ಆಯ್ತು. ಕೇಳ್ದಾ?"

"ಏನನ್ನ?"

"ಏನನ್ನ ಅಂದ್ರೆ? ಮದುವೇನ!"

ಅಯ್ಯೋ ಶಿವನೇ. ನಿಜವಾಗಲೂ ಮರೆತೇಹೋಗಿತ್ತು. "ಕೇಳ್ತೀನಿ ಪುಟ್ಟಿ, ಇನ್ನೂ ಎರಡು ಹಾಸಿಗೆ ಇದೆ" ಅಂದೆ. ಅವಳು ಫೋನಿಟ್ಟಳು. ಇಟ್ಟ ಸದ್ದಿಗೆ ಕಿವಿ ನೋವಾಯಿತು.

ನಾಳೆ ಬೆಳಗ್ಗೆ ಆ ಎರಡನ್ನೂ ಮುಗಿಸಿ ಹೊರಡುವುದು. ಇವತ್ತು ರಾತ್ರಿ ಅಜ್ಜಿಗೆ ಹೊಸದಾಗಿ ಹೊಲಿದದ್ದು ಹಾಕಿಕೊಟ್ಟೆ. ಮಲಗಿ ನೋಡಿ, "ನನ್ನ ಮದುವೇಲೂ ಇಂಥದ್ದು ಕೊಟ್ಟಿರಲಿಲ್ಲ" ಅಂದರು. ಅಜ್ಜಿಯ ಜೋಕೇ ಇವತ್ತಿನ ಮೊದಲನೇ ಬಹುಮಾನ.

ನವೆಂಬರ್ 12, ಬುಧವಾರ

ಸಿಸ್ಟರಮ್ಮ ಬೀಳ್ಕೊಡುವಾಗ ನಮ್ಮ ನಾಲ್ಕೂ ಪಾದ ಮತ್ತೊಮ್ಮೆ ನೋಡಿದರು. "ಇನ್ನು ನೀವಿಬ್ಬರೂ ಆರೋಗ್ಯವಂತರು. ನಡೀರಿ ಆಚೆ!" ಅಂದು ಬಾಗಿಲು ಹಾಕಿಕೊಂಡರು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದದ್ದು ಕಂಡಿತು.

ದಾರಿಯುದ್ದಕ್ಕೂ ಮಾತು. ಗಂಟೆಗೊಮ್ಮೆ ನಿಲ್ಲುವುದು ಇಬ್ಬರಿಗೂ ಮರೆತುಹೋಗಿ ಮಧ್ಯಾಹ್ನ ಗಂಟಲು ಒಣಗಿತು. ಆರು ಗುಟುಕೂ ಇಲ್ಲ, ತೂಕದವರು ಬಾಟಲಿಯನ್ನೇ ಎತ್ತಿ ಕುಡಿದರು.

ನವೆಂಬರ್ 14, ಶುಕ್ರವಾರ

ಬೆಟ್ಟ ಹತ್ತಿದೆವು. ಹನ್ನೊಂದೂಕಾಲಿಗೆ ಮೇಲೆ.

ಒಳಗೆ ಹೋಗಿ ಕೈಮುಗಿದೆವು. ಅವರು ತುಂಬ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು, ನಾನು ಹೊರಗೆ ಕಾದೆ. ಬಂದ ಮೇಲೆ ಬಿಸಿಲಿನಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂತು ಶೂ ಪಕ್ಕಕ್ಕಿಟ್ಟು ಕಾಲು ಚಾಚಿದೆವು. ಕೆಳಗೆ ನಾವು ಬೆಳಗ್ಗೆಯಿಂದ ಬಂದ ದಾರಿ ಪೂರ್ತಿ ಕಾಣುತ್ತಿತ್ತು. ಟೀ ತಂದೆ. ಅರ್ಧ ಕುಡಿದು ಕೇಳಿದರು:

"ನಿಮ್ಮನ್ನ ಒಂದು ಕೇಳಬೇಕಿತ್ತು. ಕೆಲಸದ ವಿಷಯ."

"ಹೇಳಿ ಸಾರ್."

"ನಮ್ಮನೇಲಿ ಒಂದು ಸೋಫಾ ಇದೆ. ಅವಳು ಕಿಟಕಿ ಪಕ್ಕ ಒಂದೇ ಕಡೆ ಕೂತು ಕೂತು ಅಲ್ಲಿ ಇಳಿದುಬಿಟ್ಟಿದೆ. ಎರಡು ವರ್ಷದಿಂದ ಯಾರೂ ಕೂತಿಲ್ಲ. ನಾವು ಕುರ್ಚೀಲೇ ಕೂರ್ತೀವಿ. ಸೊಸೆ ಬರೋದ್ರೊಳಗೆ ಅದನ್ನ ಸರಿ ಮಾಡಿಸಬೇಕು. ಮಾಡಿಕೊಡ್ತೀರಾ?"

"ಸ್ಪ್ರಿಂಗಿಂದೋ, ಪಟ್ಟಿದೋ?" ಅಂದೆ.

"ಗೊತ್ತಿಲ್ಲ. ಕೂತರೆ ಕುಂಯ್ ಅನ್ನತ್ತೆ."

"ಹಂಗಾದ್ರೆ ಸ್ಪ್ರಿಂಗು. ಎಷ್ಟು ಜನ ಕೂರೋದು?"

"ಮೂರು."

"ಬಟ್ಟೆನೋ ರೆಕ್ಸಿನ್ನೋ?"

"ಬಟ್ಟೆ. ಅವಳೇ ಆರಿಸಿದ್ದು." ಕೊನೇ ಗುಟುಕು ಕುಡಿದು, "ಆ ಇಳಿದಿರೋ ಜಾಗ ಎಷ್ಟು ಮೇಲೆ ಎತ್ತಬೇಕು ಅನ್ನೋದು ನಿಮಗೇ ಬಿಟ್ಟಿದ್ದು. ನನಗೆ ಅಳತೆ ಹೇಳೋಕಾಗಲ್ಲ" ಅಂದರು.

ನಾನು ಯೋಚನೆ ಮಾಡಿದೆ. ಸುಮ್ಮನೆ ಹೇಳುವ ವಿಷಯವಲ್ಲ ಅದು, ಕಸುಬಿನ ಪ್ರಶ್ನೆ. "ಪೂರ್ತಿ ಎತ್ತೋದು ಬೇಡ ಸಾರ್. ಬಟ್ಟೆ ಬಿಚ್ಚಿ ತೊಳೆದು ಅದನ್ನೇ ಹಾಕೋಣ. ಕೆಳಗಿನ ಸ್ಪ್ರಿಂಗ್ ಮಾತ್ರ ಹೊಸದು. ಕೂತವರಿಗೆ ಬಿದ್ದೆ ಅನ್ನಿಸಬಾರದು. ಯಾರೋ ಮೊದಲು ಕೂತಿದ್ರು ಅಂತ ಗೊತ್ತಾದ್ರೆ ಏನೂ ತಪ್ಪಿಲ್ಲ."

ಅವರು ತಲೆಯಾಡಿಸಿದರು. ಲೋಟ ಖಾಲಿಯಾಗಿತ್ತು. ಇನ್ನೊಂದು ಟೀ ತರಲು ಎದ್ದು ಬರಿಗಾಲಲ್ಲಿ ಹೊರಟೆ, ತಲೆಯೊಳಗೆ ಮೂರು ಸೀಟಿಗೆ ಎಷ್ಟು ಸ್ಪ್ರಿಂಗ್ ಅನ್ನುವ ಲೆಕ್ಕ. ಟೀ ಅಂಗಡಿಯವನು "ಎಷ್ಟು?" ಅಂದ. "ಇಪ್ಪತ್ತೇಳು" ಅಂದೆ. "ಇಪ್ಪತ್ತೇಳು ಟೀನಾ?" ಅಂತ ಅವನು ಬಾಯಿ ಬಿಟ್ಟ. ಆಗ ಹೊಳೆಯಿತು.

ಸೊಸೆ ಬರೋದ್ರೊಳಗೆ ಅಂದರಲ್ಲ!

ಟೀಯನ್ನೂ ಬಿಟ್ಟು ವಾಪಸು ಓಡಿ ಬಂದು ಅವರ ಮುಂದೆ ನಿಂತೆ. "ಸಾರ್. ಸಾರ್. ಯಾವ ಸೊಸೆ ಸಾರ್?"

ತೂಕದವರು ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. "ಬೇರೆ ಯಾರಾದ್ರೂ ಇದ್ದಾರೇನ್ರೀ ನಿಮ್ಮ ಗುರುತಲ್ಲಿ?"

ಮಗಳ ನಂಬರು ಒತ್ತುವಾಗ ಮೂರು ಸಲ ತಪ್ಪಿದೆ. ಎತ್ತಿದ ತಕ್ಷಣ, "ಏನಂದ್ರಪ್ಪಾ?" ಅಂದಳು.

"ಮೂರು ಸೀಟಿಂದಂತೆ ಪುಟ್ಟಿ, ಸ್ಪ್ರಿಂಗಿಂದು."

"ಅಪ್ಪಾ! ಏನು ಮೂರು ಸೀಟು?"

"ಸೋಫಾ. ನೀನು ಕೂರೋಕೆ. ಅವರ ಮನೇಲಿ."

ಆ ಕಡೆಯಿಂದ ಒಂದು ಕಿರುಚು, ಆಮೇಲೆ ಮುಸುಮುಸು. ಯಾರ ತೋಳಿಗೆ ಸೂಜಿ ಚುಚ್ಚಿ ನಿಂತಿದ್ದಳೋ, ಆ ಪುಣ್ಯಾತ್ಮನ ಗತಿ ದೇವರೇ ಬಲ್ಲ.

"ಏನಂತೆ?" ಅಂದರು ತೂಕದವರು.

"ಅಳ್ತಿದ್ದಾಳೆ ಸಾರ್."

"ಅಳಿಸ್ಕೊಂಡು ನಿಂತಿದ್ದೀರಲ್ಲ ಬೀಗರೇ. ಬೇಗ ಒಂದು ಜೋಕ್ ಹೇಳ್ರೀ ಅವಳಿಗೆ!"

ಫೋನು ಕಿವಿಗೆ ಒತ್ತಿಕೊಂಡು, ಬಾಯಿ ತೆರೆದುಕೊಂಡು ನಿಂತೆ. ಹಾಳಾದ್ದು, ಒಂದೇ ಒಂದು ಜೋಕೂ ನೆನಪಿಗೆ ಬರಲಿಲ್ಲ.